ಫೈಲಲ್ಲಿ ಎಲ್ಲಾ ಎನ್‌ಓಸಿ ಉಂಟು, ಮಣ್ಣಿನಡಿಯದ್ದು ಮಾತ್ರ ಇಲ್ಲ

ಹೋದ ಬೇಸಿಗೆಯಲ್ಲಿ ಬಾರ್ಕೂರು ಸೈಡಿನ ಒಂದು ಸೈಟಿಂದ ಮೇಸ್ತ್ರಿ ಫೋನ್ ಮಾಡಿದ್ರು, "ಸರ್, ಸೋಕ್ ಪಿಟ್‌ಗೆ ಜೆಸಿಬಿ ಹಾಕಿದ್ದು, ಅಡಿಯಲ್ಲಿ ಕಲ್ಲು ಕಟ್ಟಿದ್ದುಂಟು, ಒಮ್ಮೆ ಬಂದು ನೋಡ್ತೀರಾ?" ಅಂತ. ನಾನು ಮನೆ ಪ್ಲಾನ್ ಹಾಕಿ ಲೈಸನ್ಸ್ ಫೈಲ್ ಓಡಿಸುವವ, ಪುರಾತತ್ವ ಓದಿದವ ಅಲ್ಲ. ಹೋಗಿ ಇಣುಕಿದ್ರೆ ನಾಲ್ಕಡಿ ಕೆಳಗೆ ಕೆಂಪುಕಲ್ಲಿನ ಒಂದು ಸಾಲು, ಈಗ ಕೋರೆಯಿಂದ ಬರುವ ಸೈಜ್ ಅಲ್ಲ, ಅದಕ್ಕಿಂತ ಉದ್ದ, ಕೈಯಲ್ಲಿ ಕೆತ್ತಿದ ಗೆರೆಗಳು ಹಾಗೇ ಕಾಣ್ತದೆ, ಬದಿಯಲ್ಲಿ ಬೂದಿ ಬಣ್ಣದ ಮಣ್ಣು, ಅದರಲ್ಲಿ ಮಡಕೆ ಚೂರುಗಳು. ಜೆಸಿಬಿಯ ಹಲ್ಲು ತಾಗಿ ಎರಡು ಕಲ್ಲು ಆಗ್ಲೇ ಮೇಲೆ ಬಂದಿತ್ತು. ಓನರ್ ಮಸ್ಕತ್‌ನಲ್ಲಿ. ವೀಡಿಯೋ ಕಾಲಲ್ಲಿ ತೋರಿಸಿದ್ರೆ ಅವರು ಹೇಳಿದ ಮೊದಲ ಮಾತು, "ಅಣ್ಣ, ಯಾರಿಗೂ ಹೇಳ್ಲಿಕ್ಕೆ ಹೋಗ್ಬೇಡಿ, ಇಲಾಖೆಯವರು ಬಂದ್ರೆ ಜಾಗ ಹೋಯ್ತು ಅಂತ್ಲೇ ಲೆಕ್ಕ."

ಆ ಮನುಷ್ಯನ ಮೇಲೆ ನಂಗೆ ಸಿಟ್ಟು ಬರ್ಲಿಲ್ಲ. ಹತ್ತು ಸೆಂಟ್ಸ್ ಜಾಗ, ಬ್ಯಾಂಕ್ ಲೋನ್, ಗೃಹಪ್ರವೇಶಕ್ಕೆ ದಿನ ನೋಡಿ ಆಗಿದೆ. ಅವರ ಫೈಲ್ ಮಾಡಿದ್ದು ನಾನೇ. ಅದರಲ್ಲಿ ಆರ್‌ಟಿಸಿ ಉಂಟು, ಕನ್ವರ್ಷನ್ ಆರ್ಡರ್ ಉಂಟು, ಸಿಂಗಲ್ ಲೇಔಟ್ ಉಂಟು, ಪಂಚಾಯತಿನ ಫಾರ್ಮ್ 9/11 ಉಂಟು, ಸೆಟ್‌ಬ್ಯಾಕ್ ತೋರಿಸಿದ ಡ್ರಾಯಿಂಗ್ ಉಂಟು. ಮಂಗಳೂರಲ್ಲಿ ದೊಡ್ಡ ಫ್ಲಾಟ್ ಕಟ್ಟುವವರಿಗಾದ್ರೆ ಇದರ ಮೇಲೆ ಫೈರ್ ಎನ್‌ಓಸಿ, ಏರ್‌ಪೋರ್ಟಿನವರಿಂದ ಎತ್ತರದ ಎನ್‌ಓಸಿ, ಹೊಳೆ ಬದಿ ಆದ್ರೆ ಸಿಆರ್‌ಝಡ್ ಅಂದ್ರೆ ಕರಾವಳಿ ನಿಯಂತ್ರಣ ವಲಯದ ಕಾಗದ, ಮತ್ತೆ ಸಾಯಿಲ್ ಟೆಸ್ಟ್. ಮಣ್ಣು ಎಷ್ಟು ಭಾರ ಹೊರ್ತದೆ ಅಂತ ಕೇಳ್ತೇವೆ, ಆ ಮಣ್ಣಲ್ಲಿ ಮೊದಲು ಯಾರಿದ್ರು ಅಂತ ಕೇಳುವ ಕಾಲಂ ಯಾವ ಫಾರ್ಮಲ್ಲೂ ನಾನು ತುಂಬಿಸಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲ ಕೂಡ.

ಈ ವಿಷಯ ಮಾತಾಡುವಾಗ ಯಾರಾದ್ರೂ ಒಬ್ರು ಇಂಗ್ಲೆಂಡಿನ ಉದಾಹರಣೆ ಕೊಟ್ಟೇ ಕೊಡ್ತಾರೆ, ಅಲ್ಲಿ ಬಿಲ್ಡರೇ ಆರ್ಕಿಯಾಲಜಿ ಕನ್ಸಲ್ಟೆಂಟ್ ಇಟ್ಕೊಳ್ತಾನಂತೆ, ನಮ್ಮಲ್ಲೂ ಹಾಗೇ ಕಡ್ಡಾಯ ಮಾಡ್ಬೇಕು ಅಂತ. ಅರ್ಧ ಒಪ್ತೇನೆ. ಇನ್ನರ್ಧ ಯಾಕೆ ಒಪ್ಪುದಿಲ್ಲ ಅಂತ ಹೇಳ್ಲಿಕ್ಕೆ ಅಲ್ಲಿ ಅದು ಹೇಗೆ ಶುರುವಾಯ್ತು ಅಂತ ಸ್ವಲ್ಪ ನೋಡ್ಬೇಕು.

1989ರಲ್ಲಿ ಲಂಡನ್‌ನ ಸದರ್ಕ್‌ನಲ್ಲಿ ಒಂದು ಆಫೀಸ್ ಕಟ್ಟಡಕ್ಕೆ ಜಾಗ ಮಾಡುವಾಗ ರೋಸ್ ಅನ್ನುವ ನಾಟಕಶಾಲೆಯ ಅಡಿಪಾಯ ಸಿಕ್ಕಿತು. 1587ರದ್ದು, ಷೇಕ್ಸ್‌ಪಿಯರನ ಶುರುವಿನ ನಾಟಕಗಳು ಆಡಿದ ಜಾಗ. ಪರ್ಮಿಶನ್ ಎಲ್ಲ ಆಗಿತ್ತು, ಬಿಲ್ಡರಿನ ತಪ್ಪು ಎಂತ ಇಲ್ಲ, ಆದ್ರೆ ನಟರು, ಊರವರು ಬಂದು ಸೈಟಲ್ಲಿ ಕೂತ್ರು, ದೊಡ್ಡ ಗಲಾಟೆ ಆಯ್ತು, ಕಡೆಗೆ ಕಟ್ಟಡದ ಡಿಸೈನೇ ಬದಲಾಯಿಸಿ ಅವಶೇಷ ನೆಲಮಾಳಿಗೆಯಲ್ಲಿ ಉಳಿಯುವ ಹಾಗೆ ಮಾಡಿದ್ರು. ಬಿಲ್ಡರಿಗೂ ನಷ್ಟ, ಸರ್ಕಾರಕ್ಕೂ ಮುಜುಗರ. ಮರುವರ್ಷ, 1990ರ ನವೆಂಬರಲ್ಲಿ, ಪಿಪಿಜಿ 16 ಅಂತ ಒಂದು ಮಾರ್ಗಸೂಚಿ ಬಂತು. ಅದು ಹೇಳಿದ್ದು ಇಷ್ಟೇ: ಮಣ್ಣಿನಡಿ ಎಂತ ಇರ್ಬಹುದು ಅನ್ನುದನ್ನು ಪರ್ಮಿಶನ್ ಕೊಡುವ ಮೊದಲೇ ನೋಡಿ, ನೋಡುವ ಖರ್ಚು ಕಟ್ಟುವವನದ್ದು. 1992ರಲ್ಲಿ ಯುರೋಪಿನ ದೇಶಗಳು ಮಾಲ್ಟಾದ ವಲೆಟ್ಟಾದಲ್ಲಿ ಮಾಡಿದ ಒಪ್ಪಂದ ಕೂಡ ಸುಮಾರು ಇದೇ ದಾರಿಯದ್ದು. ಪಿಪಿಜಿ 16 ಆಮೇಲೆ 2010ರಲ್ಲಿ, 2012ರಲ್ಲಿ ಬೇರೆ ಬೇರೆ ನೀತಿಗಳ ಒಳಗೆ ಸೇರಿ ಹೋಯ್ತು, ಆದ್ರೆ ತಿರುಳು ಈಗ್ಲೂ ಅದೇ.

ಆ ಒಂದು ಸಾಲಿಂದ ಒಂದು ಹೊಸ ಉದ್ಯೋಗವೇ ಹುಟ್ಟಿತು. ಬಿಲ್ಡರ್ ಜಾಗ ತೆಗೊಳ್ಳುವ ಮೊದಲೇ ಕನ್ಸಲ್ಟೆಂಟಿಗೆ ಫೋನ್ ಮಾಡ್ತಾನೆ. ಅವರು ಮೊದಲು ಮಣ್ಣು ಮುಟ್ಟುದೇ ಇಲ್ಲ, ಕೂತಲ್ಲೇ ಹಳೇ ನಕ್ಷೆ, ಹಿಂದೆ ಅಲ್ಲೆಲ್ಲಿ ಎಂತ ಸಿಕ್ಕಿದೆ ಅಂತ ಜಿಲ್ಲೆಯ ದಾಖಲೆ, ವಿಮಾನದಿಂದ ತೆಗೆದ ಫೋಟೋ ನೋಡಿ ಒಂದು ರಿಪೋರ್ಟ್ ಬರೀತಾರೆ. ಸಂಶಯ ಇದ್ರೆ ಮೆಶಿನಿಂದ ನೆಲ ಸ್ಕ್ಯಾನ್, ಅದರ ಮೇಲೆ ಅಲ್ಲಲ್ಲಿ ಉದ್ದದ ಪರೀಕ್ಷಾ ಗುಂಡಿ. ಹೆಚ್ಚಿನವರು ಕನ್ಸಲ್ಟೆಂಟ್ ಅಂದ್ರೆ ಅಗೆಯುವವರು ಅಂತ ತಿಳ್ಕೊಳ್ತಾರೆ, ನಿಜ ಹೇಳ್ಬೇಕಾದ್ರೆ ಅವರ ಅಸಲಿ ಕೆಲಸ ಅಗೆಯುದನ್ನು ಆದಷ್ಟು ತಪ್ಪಿಸುದು. "ಈ ಮೂಲೆಯಲ್ಲಿ ಹಳೇ ಗೋಡೆ ಉಂಟು, ಬೇಸ್‌ಮೆಂಟ್ ಇಲ್ಲಿ ಬೇಡ, ಪಾರ್ಕಿಂಗ್ ಇಲ್ಲಿ ಹಾಕಿ, ಪೈಲ್ ಸ್ವಲ್ಪ ಆಚೆ ತೆಗೊಳ್ಳಿ" ಅಂತ ಆರ್ಕಿಟೆಕ್ಟ್ ಹತ್ರ ಕೂತು ಹೇಳುದು. ಅಗೆದ್ರೆ ಅದು ಹೋಯ್ತು, ಇನ್ನೊಮ್ಮೆ ಅಗೆಯುವ ಹಾಗಿಲ್ಲ, ಮತ್ತೆ ಅಗೆಯುದು ಖರ್ಚಿನ ಬಾಬ್ತು ಕೂಡ. ಹಾಗಾಗಿ ಅಗೆಯದೆ ಉಳಿಸುದು ಇಬ್ರಿಗೂ ಲಾಭ.

ತಪ್ಪಿಸ್ಲಿಕ್ಕೆ ಆಗದೆ ಇದ್ದಲ್ಲಿ ಅಗೆದೇ ಅಗೀತಾರೆ, ಆಗ ಸಿಗುದು ಕೆಲವೊಮ್ಮೆ ಊಹೆಗೂ ಮೀರಿದ್ದು. ಲಂಡನ್‌ನಲ್ಲಿ ಬ್ಲೂಮ್‌ಬರ್ಗ್ ಕಂಪೆನಿ ಆಫೀಸ್ ಕಟ್ಟಿದ ಜಾಗದಲ್ಲಿ ರೋಮನ್ ಕಾಲದ 400ಕ್ಕೂ ಹೆಚ್ಚು ಮರದ ಬರೆಯುವ ಹಲಗೆ ಸಿಕ್ಕಿದೆ, ಅದರಲ್ಲಿ ಒಂದು ಕ್ರಿ.ಶ. 57ರ ಜನವರಿ 8ರ ತಾರೀಕು ಹಾಕಿದ ಸಾಲ ಪತ್ರ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಯಾರೋ ಯಾರಿಗೋ ಕೊಡ್ಬೇಕಾದ ದುಡ್ಡಿನ ಲೆಕ್ಕ. ಯೂನಿವರ್ಸಿಟಿಯವರು ಸಂಶೋಧನೆ ಅಂತ ಹೋಗಿ ಆ ಜಾಗದಲ್ಲಿ ಅಗೆಯುವ ಚಾನ್ಸೇ ಇರ್ಲಿಲ್ಲ, ಅಷ್ಟು ಬೆಲೆಯ ಜಾಗ ಅದು.

ಈಗ ನನ್ನ ತಕರಾರು. ಕನ್ಸಲ್ಟೆಂಟಿಗೆ ಸಂಬಳ ಕೊಡುದು ಬಿಲ್ಡರ್. ಸಂಬಳ ಕೊಡುವವನಿಗೆ ಬೇಕಾದ್ದು "ಇಲ್ಲಿ ಎಂತ ಇಲ್ಲ" ಅನ್ನುವ ಕಾಗದ. ಹಾಗಾದ್ರೆ ಸತ್ಯ ಬರೆಯುದು ಯಾಕೆ? ಮೇಜಿನ ಆಚೆ ಬದಿಯಲ್ಲಿ ಕೌಂಟಿಯ, ಅಂದ್ರೆ ಅಲ್ಲಿಯ ಜಿಲ್ಲೆಯ, ಪುರಾತತ್ವ ಅಧಿಕಾರಿ ಅಂತ ಒಬ್ರು ಕೂತಿರ್ತಾರೆ, ಅದಕ್ಕೆ. ಎಷ್ಟು ಗುಂಡಿ ತೆಗೀಬೇಕು ಅಂತ ಹೇಳುದು ಅವರು, ಗುಂಡಿ ಮುಚ್ಚುವ ಮೊದಲು ಬಂದು ಇಳಿದು ನೋಡುದು ಅವರು, ರಿಪೋರ್ಟ್ ಸರಿ ಇಲ್ಲದಿದ್ರೆ ವಾಪಸ್ ಮಾಡುದು ಅವರು. ಈ ಮನುಷ್ಯ ಇಲ್ಲದೆ ಇಡೀ ವ್ಯವಸ್ಥೆ ಒಂದು ರಬ್ಬರ್ ಸ್ಟಾಂಪ್ ಅಷ್ಟೇ. ಅಲ್ಲಿಯೂ ಕೌನ್ಸಿಲ್‌ಗಳಲ್ಲಿ ದುಡ್ಡಿಲ್ಲ ಅಂತ ಈ ಪೋಸ್ಟುಗಳನ್ನು ಕಮ್ಮಿ ಮಾಡಿದಾಗ ಎಲ್ಲರೂ ಹೆದರಿದ್ದು ಇದಕ್ಕೇ. ಇನ್ನೊಂದು ರಗಳೆ ಉಂಟು, ಕೆಲಸ ಕಮ್ಮಿ ರೇಟ್ ಕೋಟ್ ಮಾಡಿದವರಿಗೆ ಹೋಗ್ತದೆ, ರಿಪೋರ್ಟುಗಳು ಕಪಾಟಿಗೆ ಹೋಗ್ತವೆ, ಸಾಮಾನ್ಯ ಓದುಗನ ಕೈಗೆ ಬರುದು ತುಂಬಾ ಕಮ್ಮಿ.

ನಮ್ಮ ಊರಿಗೆ ಬರುವ. ನಮ್ಮಲ್ಲಿ ಕಾನೂನೇ ಇಲ್ಲ ಅಂತಲ್ಲ, ಉಂಟು, ಆದ್ರೆ ಅದು ಕಾಯುದು ಲಿಸ್ಟಲ್ಲಿ ಹೆಸರಿದ್ದದ್ದನ್ನು ಮಾತ್ರ. 1958ರ ಕೇಂದ್ರದ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಗಿ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಿಂದಾಚೆ 200 ಮೀಟರ್ ನಿಯಂತ್ರಿತ ಅಂತ ಆಯ್ತು, ನ್ಯಾಷನಲ್ ಮಾನ್ಯುಮೆಂಟ್ಸ್ ಅಥಾರಿಟಿ ಬಂತು. ರಾಜ್ಯದ್ದು ಬೇರೆಯೇ 1961ರ ಕಾಯ್ದೆ ಉಂಟು. ಕಾರ್ಕಳದ ಗೊಮ್ಮಟ ಬೆಟ್ಟದ 100 ಮೀಟರ್ ಒಳಗೆ ನೀವು ಹೊಸ ಮನೆ ಕಟ್ಟುವ ಹಾಗಿಲ್ಲ, 1432ರ ವಿಗ್ರಹ, ಸರಿ, ಕಾಯ್ಲೇಬೇಕು. ಅಲ್ಲಿಂದ ಒಂದು ಕಿಲೋಮೀಟರ್ ಆಚೆ ನಿಮ್ಮ ಜಾಗದಲ್ಲಿ ಅದೇ ಕಾಲದ ಬೀದಿಯೇ ಹೂತು ಹೋಗಿದ್ರೂ ಯಾರೂ ಕೇಳುವವರಿಲ್ಲ. ಕಣ್ಣಿಗೆ ಕಾಣುದಕ್ಕೆ ಕಾನೂನು, ಕಾಣದ್ದಕ್ಕೆ ಜೆಸಿಬಿ.

ದೊಡ್ಡ ಪ್ರಾಜೆಕ್ಟುಗಳಿಗೆ 2006ರ ಪರಿಸರ ಅಧಿಸೂಚನೆ ಉಂಟಲ್ಲ ಅಂತ ಕೇಳ್ಬಹುದು. 20,000 ಚದರ ಮೀಟರ್ ಮೇಲಿನ ಕಟ್ಟಡಕ್ಕೆ ಅದು ಬರ್ತದೆ, ಅದರ ಫಾರ್ಮಲ್ಲಿ ಒಂದು ಪ್ರಶ್ನೆಯೂ ಉಂಟು: 15 ಕಿಲೋಮೀಟರ್ ಒಳಗೆ ಸಾಂಸ್ಕೃತಿಕ ಮಹತ್ವಕ್ಕಾಗಿ ಕಾನೂನಿನಿಂದ ಸಂರಕ್ಷಿತ ಆದ ಪ್ರದೇಶ ಉಂಟಾ ಅಂತ. ಗಮನಿಸಿ, 'ಸಂರಕ್ಷಿತ'. ಜಾಗದ ನಟ್ಟನಡುವೆ ಪಾಂಡವರ ಕಲ್ಲು ಅಂತ ಜನ ಕರೆಯುವ ಹಳೇ ಸಮಾಧಿ ಕಲ್ಲು ನಿಂತಿದ್ರೂ ಅದು ಲಿಸ್ಟಲ್ಲಿ ಇಲ್ಲ ಅಂದ್ಮೇಲೆ 'ಇಲ್ಲ' ಅಂತ ಬರೆದವ ಸುಳ್ಳು ಬರೆದ ಹಾಗೆ ಆಗುದಿಲ್ಲ. ಇದಕ್ಕೆ ಪರಿಸರ ರಿಪೋರ್ಟ್ ಬರೆಯುವ ಸಂಸ್ಥೆಗಳಿಗೆ ಮಾನ್ಯತೆ ಕೊಡುದು ನ್ಯಾಬೆಟ್ ಅನ್ನುವ ರಾಷ್ಟ್ರೀಯ ಮಂಡಳಿ, ಅದು ಎಕ್ಸ್‌ಪರ್ಟ್‌ಗಳನ್ನು ಗಾಳಿ, ನೀರು, ಶಬ್ದ, ಮಣ್ಣು, ಭೂಗರ್ಭ, ಜೀವವೈವಿಧ್ಯ, ಸಮಾಜ-ಆರ್ಥಿಕ ಹೀಗೆ 12 ವಿಭಾಗ ಮಾಡಿಟ್ಟಿದೆ. ಪುರಾತತ್ವ ಅಂತ ವಿಭಾಗವೇ ಇಲ್ಲ. ಅಂದ್ರೆ ಕನ್ಸಲ್ಟೆಂಟ್ ಬೇಕು ಅಂತ ಹೊರಟವನಿಗೂ ಕುರ್ಚಿ ಇಲ್ಲ.

ವಿಶ್ವಬ್ಯಾಂಕ್, ಎಡಿಬಿ (ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್) ಸಾಲದ ಕಾಮಗಾರಿಗಳ ಕಥೆ ಸ್ವಲ್ಪ ಬೇರೆ, ಅಗೆಯುವಾಗ ಎಂತಾದ್ರೂ ಸಿಕ್ಕಿದ್ರೆ ಕೆಲಸ ನಿಲ್ಲಿಸಿ ತಿಳಿಸಿ ಅನ್ನುವ ಷರತ್ತು ಅವರ ಕಾಗದದಲ್ಲಿ ಇರ್ತದೆ. ಆದ್ರೆ ರಾತ್ರಿ ಹತ್ತು ಗಂಟೆಗೆ ಪೈಪ್‌ಲೈನಿಗೆ ಅಗೆಯುವ ಜೆಸಿಬಿ ಹುಡುಗನಿಗೆ ಆ ಕಾಗದ ಯಾರು ಓದಿ ಹೇಳ್ತಾರೆ?

ಮತ್ತೆ ನಮ್ಮಲ್ಲಿ ಈ ಕೆಲಸ ಮಾಡುದು ಯಾರು ಅಂದ್ರೆ, ಕಾಲೇಜಿನ ಹಿಸ್ಟರಿ ಲೆಕ್ಚರರ್‌ಗಳು. ಆದಿತ್ಯವಾರ ಬೈಕಲ್ಲಿ, ಹಿಂದೆ ಇಬ್ರು ಸ್ಟೂಡೆಂಟ್ಸ್, ಬ್ಯಾಗಲ್ಲಿ ಟೇಪು, ಹಿಟ್ಟು, ಬ್ರಶ್ಶು. ಪೇಪರಲ್ಲಿ ಬರುವ ಶಾಸನ, ವೀರಗಲ್ಲು ಸುದ್ದಿ ಹೆಚ್ಚಿನದ್ದು ಇಂಥವರದ್ದೇ. ಫೀಸ್ ಇಲ್ಲ, ಅಧಿಕಾರ ಇಲ್ಲ, ಕರೆಯುದು ಎಲ್ಲ ಮುಗಿದ ಮೇಲೆ. ಮೂಡುಬಿದಿರೆ ಹತ್ರದ ಮೂಡುಕೊಣಾಜೆ ನೋಡಿ. ಅಲ್ಲಿ ಬೃಹತ್ ಶಿಲಾಯುಗದ ಒಂಬತ್ತು ಕಲ್ಮನೆ ಸಮಾಧಿಗಳು ಇದ್ದದ್ದು 1980ರ ದಶಕದಲ್ಲೇ ಪುಂಡಿಕಾಯಿ ಗಣಪಯ್ಯ ಭಟ್ಟರು ಬರೆದಿಟ್ಟಿದ್ದಾರೆ. 2023ರಲ್ಲಿ ಶಿರ್ವದ ಎಂಎಸ್‌ಆರ್‌ಎಸ್ ಕಾಲೇಜಿನ ಪ್ರೊಫೆಸರ್ ಟಿ. ಮುರುಗೇಶಿಯವರು ಅಲ್ಲಿಂದ ಮಣ್ಣಿನ ಗೊಂಬೆಗಳನ್ನು, ಎತ್ತು, ನವಿಲು, ಕುದುರೆ, ಮಾತೃದೇವತೆ ಹೀಗೆ, ಹೊರಗೆ ತಂದು ಸುದ್ದಿ ಮಾಡುವಾಗ ಸರಿಯಾಗಿ ಉಳಿದದ್ದು ಎರಡೇ ಸಮಾಧಿ. ಇದು ಮೂಲೆಯಲ್ಲಿ ಗೊತ್ತಿಲ್ಲದೆ ಇದ್ದ ಜಾಗ ಅಲ್ಲ, ನಾಲ್ಕು ದಶಕದಿಂದ ಪ್ರಿಂಟಲ್ಲಿ ಇದ್ದ ಜಾಗ. ಬರೆದದ್ದು ಒಂದು ಕಡೆ, ಜಾಗದ ಫೈಲ್ ಇನ್ನೊಂದು ಕಡೆ.

ನಂಗೆ ಜಾಸ್ತಿ ಹೆದರಿಕೆ ಇರುದು ಪದವುಗಳ ಬಗ್ಗೆ. ಮಂಗಳೂರಿನ ಹೊರಗೆ ಯಾವ ದಿಕ್ಕಿಗೆ ಹೋದ್ರೂ ಮುರಕಲ್ಲಿನ ಬೋಳು ಪದವು, ಅಲ್ಲಿ ಕೃಷಿ ಆಗುದಿಲ್ಲ, ಹಾಗಾಗಿ ಲೇಔಟ್, ಕೋರೆ, ಕಾಲೇಜು, ಫ್ಯಾಕ್ಟರಿ ಎಲ್ಲ ಅಲ್ಲಿಗೇ. ರೆವೆನ್ಯೂ ಲೆಕ್ಕದಲ್ಲಿ ಅದು ಖಾಲಿ ಜಾಗ. ಇದೇ ಥರದ ಕಲ್ಲಿನ ಬಯಲು ರತ್ನಾಗಿರಿ ಕಡೆ 'ಸಡಾ' ಅಂತ ಉಂಟು, ಅಲ್ಲಿ ಖಾಲಿ ಅಂದ್ಕೊಂಡ ಬಂಡೆ ಮೇಲೆ ಆನೆ, ಮೀನು, ಮನುಷ್ಯ ಹೀಗೆ ದೊಡ್ಡ ದೊಡ್ಡ ಕೆತ್ತನೆಗಳು ಸಿಕ್ಕಿ 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಆ ಪಟ್ಟಿಯಲ್ಲಿ ಬಾರ್ಸು ಅನ್ನುವ ಊರೂ ಉಂಟು, ಅದೇ ಬಾರ್ಸುವಿನಲ್ಲಿ ರಿಫೈನರಿಗೆ ಅಂತ 2023ರ ಏಪ್ರಿಲಲ್ಲಿ ಮಣ್ಣು ಪರೀಕ್ಷೆಗೆ ಬಂದಾಗ ಊರವರು ರಸ್ತೆಯಲ್ಲಿ ಮಲಗಿ ಪೊಲೀಸರ ಹತ್ರ ಎಳೆಸಿಕೊಂಡದ್ದು. ನಮ್ಮ ಪದವಲ್ಲೂ ಹಾಗೆ ಉಂಟು ಅಂತ ನಾನು ಹೇಳುದಲ್ಲ. ಉಂಟಾ ಇಲ್ವಾ ಅಂತ ಬೂಟು ಹಾಕ್ಕೊಂಡು ಒಂದು ದಿನ ನಡೆದು ನೋಡಿದ್ರೆ ಗೊತ್ತಾಗ್ತದೆ, ಆ ಒಂದು ದಿನದ ನಡಿಗೆ ಲೆವೆಲಿಂಗ್‌ಗೆ ಮೊದಲು ಯಾರ ಡ್ಯೂಟಿಯೂ ಅಲ್ಲ.

ಇಲ್ಲಿ ಕೂತಲ್ಲೇ ಮಾಡುವ ಸ್ಟಡಿಗೆ ಇಂಗ್ಲೆಂಡಿಗಿಂತ ಕಮ್ಮಿ ಸಾಮಾನೆಂತ ಇಲ್ಲ ಮಾರಾಯ್ರೆ. ಬಾರ್ಕೂರನ್ನೇ ತೆಗೊಳ್ಳಿ, ಅಳುಪರ ರಾಜಧಾನಿ, ಆಮೇಲೆ ವಿಜಯನಗರದ ಒಂದು ರಾಜ್ಯದ ಕೇಂದ್ರ. ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ ಅಂತ ಹೆಸರುಗಳೇ ಊರಿನ ನಕ್ಷೆ ಹೇಳ್ತವೆ, ಅಗೆಯುವ ಮೊದಲೇ. ಬೀಡು ಅಂತ ಇದ್ದಲ್ಲಿ ಅರಸುಮನೆ, ಬಸ್ತಿ ಅಂತ ಇದ್ದಲ್ಲಿ ಬಸದಿ, ಈಗ ಕಟ್ಟಡ ಇರ್ಲಿ ಬಿಡ್ಲಿ. ಮದ್ರಾಸ್ ಕಾಲದ ಸರ್ವೆ ಸ್ಕೆಚ್‌ಗಳು, ಶಾಸನ ವರದಿಗಳು ಉಂಟು. ಮಂಗಳೂರು ಪೇಟೆಯಲ್ಲಿ ಸ್ಮಾರ್ಟ್ ಸಿಟಿ ಕೆಲಸಕ್ಕೆ ಹಂಪನಕಟ್ಟೆಯಲ್ಲಿ ರಸ್ತೆ ಅಗೆಯುವಾಗ ದೊಡ್ಡ ಹಳೇ ಬಾವಿ ಸಿಕ್ಕಿದ್ದು ನೆನಪಿರ್ಬಹುದು, ಎಲ್ಲ ಆಶ್ಚರ್ಯಪಟ್ರು. ದಾರಿಹೋಕರಿಗೆ ನೀರು ಕೊಡ್ತಿದ್ದ ಅಪ್ಪಣ್ಣನ ಕಟ್ಟೆ ಹಂಪನಕಟ್ಟೆ ಆಯ್ತು ಅಂತ ಹಿರಿಯರು ಹೇಳ್ತಾನೇ ಇದ್ರು, ನೀರು ಕೊಡುವವನ ಹತ್ರ ಬಾವಿ ಇರ್ದೆ ಇನ್ನೆಂತ ಇರ್ತದೆ! ಅದು ಉಳಿಯಿತು, ಪುಣ್ಯ. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಶುರುಮಾಡಿದ ಹಂಚಿನ ಉದ್ಯಮ ಇಡೀ ದೇಶದ ಮಾಡಿಗೆ ಹೋಯ್ತು, ಆಮೇಲೆ ಬಂದ ಎಷ್ಟೋ ಹಂಚಿನ ಕಾರ್ಖಾನೆಗಳ ಚಿಮಣಿ ಬಿದ್ದು ಅಲ್ಲಿ ಫ್ಲಾಟ್ ಬಂದಿದೆ, ಬೀಳಿಸುವ ಮೊದಲು ಒಂದು ಅಳತೆ, ನಾಲ್ಕು ಫೋಟೋ ತೆಗೀರಿ ಅಂತ ಒಂದು ಷರತ್ತು ಹಾಕುವ ಪದ್ಧತಿಯೂ ನಮ್ಮಲ್ಲಿ ಬಂದಿಲ್ಲ.

ಇದೆಲ್ಲದಕ್ಕಿಂತ ಸೂಕ್ಷ್ಮ ವಿಷಯ ಜೀರ್ಣೋದ್ಧಾರ. ಹೇಳಿದ್ರೆ ಬೈಗುಳ ಬೀಳ್ತದೆ, ಆದ್ರೂ ಹೇಳ್ತೇನೆ. ಕರಾವಳಿಯಲ್ಲಿ ಹಳೇ ಕಟ್ಟಡ ಹೆಚ್ಚು ಹೋಗುದು ಬಿಲ್ಡರಿಂದ ಅಲ್ಲ ಅಂತ ನನ್ನ ಅಂದಾಜು, ಭಕ್ತಿಯಿಂದ. ಗರ್ಭಗುಡಿ ಬಿಚ್ಚಿ ಹೊಸ ಶಿಲಾಮಯ ಗುಡಿ ಕಟ್ಟುವಾಗ ವಾಸ್ತು ತಜ್ಞರು ಇರ್ತಾರೆ, ತಂತ್ರಿಗಳು ಇರ್ತಾರೆ, ಶಿಲ್ಪಿ ಇರ್ತಾರೆ, ಹಳೇ ಪಂಚಾಂಗದ, ಅಂದ್ರೆ ಗುಡಿಯ ಅಡಿಪೀಠದ, ಕಲ್ಲಲ್ಲಿ ಅಕ್ಷರ ಉಂಟಾ ಅಂತ ನೋಡುವ ಒಬ್ಬ ಇರುದಿಲ್ಲ. ರಸ್ತೆ ಅಗಲ ಮಾಡುವಾಗ ನಾಗಬನ ಅಡ್ಡ ಬಂದ್ರೆ ಅಷ್ಟಮಂಗಲ ಪ್ರಶ್ನೆ ಇಟ್ಟು, ಅಂದ್ರೆ ಜ್ಯೋತಿಷಿಗಳ ಮೂಲಕ ದೇವರ ಮನಸ್ಸು ಕೇಳಿ, ಪ್ರಾಯಶ್ಚಿತ್ತ ಮಾಡಿ, ಬೇರೆ ಜಾಗ ಗುರುತಿಸಿ, ವಿಧಿ ಪ್ರಕಾರ ಸ್ಥಳಾಂತರ ಮಾಡ್ತಾರೆ. ಯೋಚನೆ ಮಾಡಿದ್ರೆ ಅದು ಪಕ್ಕಾ ಒಂದು ಇಂಪ್ಯಾಕ್ಟ್ ಅಸೆಸ್‌ಮೆಂಟೇ, ಕಾಮಗಾರಿಗೆ ಮೊದಲು ತಜ್ಞರನ್ನು ಕೇಳುದು, ಖರ್ಚು ಕೆಲಸ ಮಾಡಿಸುವವರದ್ದು. ಅದೇ ರಸ್ತೆ ಬದಿಯ ವೀರಗಲ್ಲಿಗೆ ಪ್ರಶ್ನೆ ಇಡುವವರಿಲ್ಲ.

ಮೊದಲೇ ನೋಡದಿದ್ರೆ ಎಂತಾಗ್ತದೆ ಅನ್ನುದಕ್ಕೆ ಮಂಗಳೂರು ಹತ್ರದ ಮಳಲಿ ಉದಾಹರಣೆ. 2022ರ ಏಪ್ರಿಲಲ್ಲಿ ಮಸೀದಿ ನವೀಕರಣಕ್ಕೆ ಹಳೇ ಭಾಗ ತೆಗೆಯುವಾಗ ದೇವಸ್ಥಾನದ ಹಾಗೆ ಕಾಣುವ ಮರದ ರಚನೆ ಕಂಡಿತು, ಮೇ ತಿಂಗಳಲ್ಲಿ ತಾಂಬೂಲ ಪ್ರಶ್ನೆ ಆಯ್ತು, ಪೊಲೀಸ್ ಬಂದೋಬಸ್ತ್ ಆಯ್ತು, ಕೋರ್ಟಿಗೆ ಹೋಯ್ತು. ಯಾರದ್ದು ಸರಿ ಅನ್ನುದು ಇಲ್ಲಿ ನನ್ನ ವಿಷಯ ಅಲ್ಲ. ಹಳೇ ಕಟ್ಟಡ, ಯಾವ ಧರ್ಮದ್ದೇ ಆಗ್ಲಿ, ರಿಪೇರಿಗೆ ಕೈ ಹಾಕುವ ಮೊದಲು ಗೊತ್ತಿದ್ದವರು ಬಂದು ಅಳತೆ ತೆಗೆದು ಬರೆದಿಡುವ ಕ್ರಮ ಇದ್ದಿದ್ರೆ, ಕಟ್ಟಡ ಎಂಥದ್ದು ಅಂತ ಮೊಬೈಲ್ ವೀಡಿಯೋದಿಂದ ತಿಳ್ಕೊಳ್ಳುವ ಗತಿ ಯಾರಿಗೂ ಬರ್ತಿರ್ಲಿಲ್ಲ.

ಹಾಗಾದ್ರೆ ಎಂತ ಮಾಡ್ಬಹುದು? ನಾಳೆಯೇ ಕನ್ಸಲ್ಟೆಂಟ್ ಕಡ್ಡಾಯ ಅಂತ ಆರ್ಡರ್ ಬಂದ್ರೆ ಎಂತಾಗ್ತದೆ ಅಂತ ಫೈಲ್ ಓಡಿಸುವವನಾಗಿ ನಂಗೆ ಗೊತ್ತುಂಟು, ಇನ್ನೊಂದು ಎನ್‌ಓಸಿ, ಇನ್ನೊಂದು ರೇಟು, ಜಾಗ ನೋಡದೆ ಕಾಪಿ-ಪೇಸ್ಟ್ ರಿಪೋರ್ಟ್, ಉಡುಪಿ ಜಾಗದ ರಿಪೋರ್ಟಲ್ಲಿ ಬಿಜಾಪುರದ ಮಣ್ಣಿನ ವರ್ಣನೆ. ಮೊದಲು ಬೇಕಾದ್ದು ಪ್ಲಾನ್ ಪಾಸ್ ಮಾಡುವ ನಗರಾಭಿವೃದ್ಧಿ ಪ್ರಾಧಿಕಾರದ ಒಳಗೆ ಆ ರಿಪೋರ್ಟ್ ಓದಿ ಬಿಸಾಡುವ ತಾಕತ್ತಿನ ಒಬ್ಬ ಆಫೀಸರ್, ಮಂಗಳೂರು-ಉಡುಪಿ ಎರಡಕ್ಕೂ ಸೇರಿ ಒಬ್ರಾದ್ರೂ ಸಾಕು. ಕನ್ಸಲ್ಟೆಂಟ್ ಫೀಸನ್ನು ಬಿಲ್ಡರ್ ಪ್ರಾಧಿಕಾರಕ್ಕೆ ಕಟ್ಲಿ, ಪ್ರಾಧಿಕಾರ ಆಳನ್ನು ಕಳಿಸ್ಲಿ, ಆಗ ಉಪ್ಪು ತಿಂದ ಮನೆಯ ಋಣ ಅನ್ನುವ ರಗಳೆ ಸ್ವಲ್ಪ ಕಮ್ಮಿ. ಐದು ಸೆಂಟ್ಸಲ್ಲಿ ಮನೆ ಕಟ್ಟುವವನನ್ನು ಇದರಲ್ಲಿ ಎಳೀಲೇಬಾರ್ದು, ಎಕರೆಗಟ್ಟಲೆ ಲೇಔಟ್, ಕೋರೆ, ಹೈವೇ ಇಂಥದ್ದಕ್ಕೆ ಮಾತ್ರ.

ಮತ್ತೆ ನಕ್ಷೆ. ಪುರಾತತ್ವ ಇಲಾಖೆಯವರು ಗ್ರಾಮವಾರು ಸರ್ವೆ ಮಾಡಿ ತಾಲೂಕು ಲೆಕ್ಕದಲ್ಲಿ ಪುಸ್ತಕ ತರ್ತಾರೆ, ಒಳ್ಳೇ ಕೆಲಸ, ಆದ್ರೆ ಜಾಗ ತೆಗೊಳ್ಳುವವನು ಪುಸ್ತಕ ನೋಡುದಿಲ್ಲ, ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ನೋಡ್ತಾನೆ. ಸರ್ವೆ ನಂಬರ್ ಒತ್ತಿದ್ರೆ ಸರ್ಕಾರಿ ಜಾಗವಾ, ಕೆರೆಯಾ ಅಂತ ಬರುವ ಹಾಗೆ 'ಇಲ್ಲಿ ಹಳೇ ಅವಶೇಷ ಸಿಗುವ ಸಂಭವ ಉಂಟು' ಅಂತ ಒಂದು ಬಣ್ಣ ಬಂದ್ರೆ ಅರ್ಧ ಕೆಲಸ ಅಲ್ಲಿಗೇ ಆಯ್ತು, ಜಾಗಕ್ಕೆ ಅಡ್ವಾನ್ಸ್ ಕೊಡುವ ಮೊದಲೇ ಗೊತ್ತಾಗ್ತದೆ. ಜೊತೆಗೆ ಜನರ ಹೆದರಿಕೆ ಹೋಗ್ಬೇಕು. ನಿಧಿ ಕಾನೂನು 1878ರದ್ದು, ನಮ್ಮ ರಾಜ್ಯದ್ದು 1962ರದ್ದು, ನೆಲದಡಿ ಬೆಲೆಬಾಳುವುದು ಸಿಕ್ಕಿದ್ರೆ ಡಿಸಿಗೆ ಹೇಳ್ಬೇಕು ಅನ್ನುದು ಅದರ ಸಾರ, ಜನರ ತಲೆಯಲ್ಲಿ ಮಾತ್ರ ಮಡಕೆ ಚೂರು ಸಿಕ್ಕಿದ್ರೂ ಸರ್ಕಾರ ಜಾಗ ಎಳ್ಕೊಳ್ತದೆ ಅಂತ ಕೂತಿದೆ. ಹೇಳಿದವನ ಕೆಲಸ ಎರಡು ವಾರಕ್ಕಿಂತ ಹೆಚ್ಚು ನಿಲ್ಲುದಿಲ್ಲ ಅಂತ ಬರವಣಿಗೆಯಲ್ಲಿ ಕೊಟ್ರೆ ಎಷ್ಟೋ ಜನ ಹೇಳ್ತಾರೆ, ನಂಗೆ ನಂಬಿಕೆ ಉಂಟು. ಕಲ್ಲು ಕಂಡ ಕೂಡ್ಲೇ ಗುಟ್ಟಲ್ಲಿ ರಾತ್ರೋರಾತ್ರಿ ಕಾಂಕ್ರೀಟ್ ಸುರಿಯುದು ದುಷ್ಟತನದಿಂದ ಅಲ್ಲ, ಇಎಂಐಯಿಂದ.

ಬಾರ್ಕೂರು ಸೈಡಿನ ಆ ಗುಂಡಿಗೆ ಎಂತಾಯ್ತು ಅಂತ ಹೇಳಿ ಬಿಡ್ತೇನೆ. ಹತ್ತು ರೂಪಾಯಿ ಕಾಯಿನ್ ಬದಿಗಿಟ್ಟು ಫೋಟೋ ತೆಗೆದೆ, ಗೊತ್ತಿದ್ದ ಲೆಕ್ಚರರ್ ಒಬ್ರು ಆದಿತ್ಯವಾರ ಬಂದು ಗುಂಡಿಯೊಳಗೆ ಇಳಿದು ಎರಡು ಗಂಟೆ ಅಳತೆ ತೆಗೆದ್ರು, ಹೋಗುವಾಗ ಮಣ್ಣು ಮೆಲ್ಲ ವಾಪಸ್ ತುಂಬಿಸಿ ಅಂದ್ರು, ಚಾ ಕೂಡ ಕುಡೀಲಿಲ್ಲ. ನಾನು ಡ್ರಾಯಿಂಗಲ್ಲಿ ಸೋಕ್ ಪಿಟ್ ಹದಿನೆಂಟು ಅಡಿ ಪಡುವಣಕ್ಕೆ ತೆಗ್ದೆ. ಮಸ್ಕತ್‌ನಿಂದ ಫೋನ್ ಬಂತು, ಎರಡು ಕಡೆ ಗುಂಡಿ ತೆಗ್ದು ಖರ್ಚು ಯಾಕೆ ಅಂತ. ವಾಸ್ತು ಪ್ರಕಾರ ಆ ಮೂಲೆಯಲ್ಲಿ ಆಗುದಿಲ್ಲ ಅಂದೆ.

"ಹೌದಾ ಅಣ್ಣ, ಮೊದ್ಲೇ ಹೇಳ್ಬಾರ್ದಾ" ಅಂದ್ರು, ಅದೇ ಸಂಜೆ ಜೆಸಿಬಿಯ ದುಡ್ಡು ಗೂಗಲ್ ಪೇ ಆಯ್ತು.